ಉಳಿತಾಯದ ಲೆಕ್ಕ

ತಿಂಗಳ ಕೊನೆಗೆ ಕೈ ಬಿಗಿಯಾದಾಗ ಮನೆಯಲ್ಲಿ ಮೊದಲು ಯಾವ ಖರ್ಚಿಗೆ ಕತ್ತರಿ ಬೀಳುತ್ತದೆ? ನಾನಂತೂ ಒಮ್ಮೆ ಪಾತ್ರೆ ತೊಳೆಯುವವಳನ್ನು ಬಿಡಿಸಿದೆ. ಅಂದು ರಾತ್ರಿ, ಚರಿತ್ರೆಯಲ್ಲಿ ಓದಿದ್ದ ಚೀನಾದ ಮಿಂಗ್ ವಂಶದ ಕೊನೆಯ ದಿನಗಳು ನೆನಪಾಗಿ ನಿದ್ದೆ ಬರಲಿಲ್ಲ.

1627ರಲ್ಲಿ ಪಟ್ಟಕ್ಕೆ ಬಂದ ದೊರೆ ಚೊಂಗ್‌ಜೆನ್ ಸೋಮಾರಿಯಲ್ಲ, ದುಂದುಗಾರನೂ ಅಲ್ಲ. ಆದರೆ ಬೊಕ್ಕಸ ಬರಿದಾಗಿತ್ತು. ಗಡಿಯಲ್ಲಿ ಮಂಚೂಗಳ ಕಾಟ. ಖರ್ಚು ತಗ್ಗಿಸಲೆಂದು ಸರಕಾರ ಅನೇಕ ಅಂಚೆ ಠಾಣೆಗಳನ್ನು ಮುಚ್ಚಿತು. ಬರದಿಂದ ಬೆಂದಿದ್ದ ಶಾನ್‌ಶಿ ಪ್ರಾಂತದಲ್ಲಿ ಹಾಗೆ ಕೆಲಸ ಕಳೆದುಕೊಂಡವರಲ್ಲಿ ಲಿ ಜಿಚೆಂಗ್ ಎಂಬ ತರುಣನೂ ಒಬ್ಬ. ಹಸಿದ ರೈತರ ದಂಗೆಗೆ ಸೇರಿದ ಅವನು ಅದರ ನಾಯಕನೇ ಆದ. 1644ರ ಏಪ್ರಿಲ್‌ನಲ್ಲಿ ಬೀಜಿಂಗ್ ಅವನ ವಶವಾಯಿತು. ದೊರೆ ತನ್ನ ಮಗಳ ಮೇಲೆಯೇ ಕತ್ತಿ ಬೀಸಿ, ಅರಮನೆಯ ಹಿಂದಿನ ಗುಡ್ಡದಲ್ಲಿ ನೇಣು ಹಾಕಿಕೊಂಡ. ತೋಳು ಕಳೆದುಕೊಂಡ ಆ ಹುಡುಗಿ ಮಾಡಿದ ತಪ್ಪಾದರೂ ಏನು?

ಗೆದ್ದವರೂ ನಗರವನ್ನು ಸುಲಿದರು. ಸುಮಾರು ನಲವತ್ತು ದಿನಗಳಲ್ಲಿ ಲಿ ಓಡಬೇಕಾಯಿತು; ಸಿಂಹಾಸನ ಮಂಚೂಗಳ ಪಾಲಾಯಿತು. ಹಸಿದವನ ಸಿಟ್ಟು ನ್ಯಾಯವಾದರೂ ಅವನು ಮಾಡಿದ್ದೆಲ್ಲ ನ್ಯಾಯವಾಗುವುದಿಲ್ಲ.

ಅಂಚೆ ಠಾಣೆ ಮುಚ್ಚಿದ್ದರಿಂದಲೇ ಒಂದು ವಂಶ ಅಳಿಯಲಿಲ್ಲ, ನಿಜ. ಬರ, ತೆರಿಗೆ, ಯುದ್ಧ ಎಲ್ಲವೂ ಸೇರಿದ್ದವು. ಆದರೂ ಉಳಿತಾಯವನ್ನು ಯಾರ ತಟ್ಟೆಯಿಂದ ಶುರುಮಾಡುತ್ತೇವೆ ಎಂಬುದರಲ್ಲಿ ನಮ್ಮ ಧರ್ಮ ಅಡಗಿದೆ ಎನಿಸುತ್ತದೆ.

ಮರುದಿನ ಅವಳನ್ನು ಕರೆಯಲು ಹೋದೆ. ಅವಳು ಬೇರೆ ಮನೆ ಹಿಡಿದಾಗಿತ್ತು. ನನಗೆ ನೆಮ್ಮದಿಯಾಯಿತು, ನಾಚಿಕೆಯೂ ಆಯಿತು.