ಸಕುಟುಂಬ ಸಪರಿವಾರ

ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರು ಬದಲಾಗುತ್ತದೆ, ಮುಹೂರ್ತ ಬದಲಾಗುತ್ತದೆ, ಛತ್ರ ಬದಲಾಗುತ್ತದೆ. ಬದಲಾಗದೆ ನಿಂತಿರುವುದು ಒಂದೇ ಮಾತು: ತಾವು ಸಕುಟುಂಬ ಸಪರಿವಾರ ಸಮೇತರಾಗಿ ದಯಮಾಡಿಸಬೇಕು ಎಂಬುದು. ಭಾಷೆ ಕಲಿಸುವ ನನ್ನಂಥವನಿಗೆ ಇದು ಸಹಿಸತಕ್ಕ ಪ್ರಯೋಗವಲ್ಲ. ಮೊದಲೇ ‘ಸ’ ಸೇರಿದ ಮೇಲೆ ಕೊನೆಗೆ ‘ಸಮೇತ’ ಏಕೆ? ಆದರೂ ನನ್ನ ಕೆಂಪು ಮಸಿ ಈ ಮಾತಿನ ಮೇಲೆ ಎಂದೂ ಓಡಿಲ್ಲ. ಕರೆಯುವವನ ಮನಸ್ಸು ತುಂಬಿ ಬಂದಾಗ ಮಾತು ತುಸು ಚೆಲ್ಲುವುದು ಸಹಜ. ನೀವು ಎಷ್ಟು ಮಂದಿ ಎಂದು ಅವನು ಕೇಳುವುದಿಲ್ಲ. ನಿಮ್ಮ ಸುತ್ತ ಯಾರು ಯಾರಿದ್ದಾರೋ ಅವರೆಲ್ಲರೂ ಬನ್ನಿ ಎನ್ನುತ್ತಾನೆ.

ಈಗ ಈ ಮಾತಿಗೆ ಸಂಕಟ ಒದಗಿದೆ. ವಧುವಿನ ಊರೂ ಅಲ್ಲದ, ವರನ ಊರೂ ಅಲ್ಲದ ಮೂರನೆಯ ಊರೊಂದರಲ್ಲಿ, ಸರೋವರದ ದಂಡೆಯ ಅರಮನೆಯಲ್ಲೋ ಕಡಲ ತಡಿಯ ಹೋಟೆಲಿನಲ್ಲೋ, ಮದುವೆ ನಡೆಸುವ ಪದ್ಧತಿ ಬಂದಿದೆ. ‘ಡೆಸ್ಟಿನೇಷನ್ ವೆಡ್ಡಿಂಗ್’ ಎಂದು ಅದರ ಹೆಸರು. ಕನ್ನಡದಲ್ಲಿ ಇನ್ನೂ ಯಾರೂ ನಾಮಕರಣ ಮಾಡಿಲ್ಲ. 2018ರ ನವೆಂಬರಿನಲ್ಲಿ, ನಮ್ಮ ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಇಟಲಿಯ ಕೋಮೋ ಸರೋವರದ ದಂಡೆಯಲ್ಲಿ ಮದುವೆಯಾಗಿ, ಆಮೇಲೆ ಬೆಂಗಳೂರಿಗೆ ಬಂದು ಆರತಕ್ಷತೆ ಮಾಡಿಕೊಂಡರು. ಅದು ತಾರೆಯರ ಮಾತು ಎಂದುಕೊಂಡೆವು. ಆದರೆ 2023ರ ನವೆಂಬರಿನ ಹೊತ್ತಿಗೆ ಪ್ರಧಾನಿಯವರೇ ‘ಮನ್ ಕೀ ಬಾತ್’ನಲ್ಲಿ, ಮದುವೆಗೆಂದು ವಿದೇಶಕ್ಕೆ ಹೋಗುವುದು ಏಕೆ ಎಂದು ಕೇಳಬೇಕಾಯಿತು. ದೇಶದ ಹಣ ದೇಶದಲ್ಲಿ ಉಳಿಯಲಿ ಎಂಬುದು ಅವರ ಚಿಂತೆ. ನನ್ನ ಚಿಂತೆ ಅದಲ್ಲ. ಬರುವವನಿಗೆ ಭಾರವಾಗುವಂತೆ ಕರೆದರೆ, ಅದು ಕರೆದಂತಾಗುವುದೇ?

ದೂರದ ಮದುವೆ ನಮಗೆ ಹೊಸದೇನೂ ಅಲ್ಲ. ತಿರುಪತಿಯಲ್ಲಿ, ಧರ್ಮಸ್ಥಳದಲ್ಲಿ ಎಷ್ಟು ಮನೆಗಳ ಮದುವೆಗಳಾಗಿಲ್ಲ! ಖರ್ಚಿಗೆ ಹೆದರಿದ ತಂದೆ, ‘ದೇವರ ಸನ್ನಿಧಿಯಲ್ಲಿ ಮಾಡುತ್ತೇವೆಂದು ಹರಕೆ ಹೊತ್ತಿದ್ದೇವೆ’ ಎಂದು ಹೇಳಿ, ಹತ್ತು ಹನ್ನೆರಡು ಮಂದಿಯೊಡನೆ ಹೋಗಿ, ಧಾರೆ ಮುಗಿಸಿ, ಊರಿಗೆ ಮರಳಿದ ಮೇಲೆ ನೆಂಟರಿಗೊಂದು ಊಟ ಹಾಕುತ್ತಿದ್ದ. ಧರ್ಮಸ್ಥಳದಲ್ಲಂತೂ 1972ರಿಂದ ಸಾಮೂಹಿಕ ವಿವಾಹಗಳೇ ನಡೆಯುತ್ತಿವೆ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದಿಂದ ಸರಳವಾಗಿ ನೆರವೇರಿಸಿದರು. ಇಲ್ಲೆಲ್ಲ ಮದುವೆ ಚಿಕ್ಕದು ಎಂಬುದನ್ನು ಚಿಕ್ಕದೆಂದೇ ಹೇಳಿದ್ದರು. ಬರದವನಿಗೆ ಬರಲಿಲ್ಲವೆಂಬ ಹೊರೆಯಿರಲಿಲ್ಲ. 2020ರ ಮೇ ತಿಂಗಳಲ್ಲಿ, ಸೋಂಕಿನ ಕಾಲದಲ್ಲಿ, ಮದುವೆಗೆ ಐವತ್ತೇ ಮಂದಿ ಎಂದು ಸರ್ಕಾರ ಗೆರೆ ಎಳೆದಾಗಲೂ ಯಾರೂ ಮುನಿಯಲಿಲ್ಲ.

ಹೊಸ ಪದ್ಧತಿಯಲ್ಲಿ ದೂರಕ್ಕೆ ಬೇರೆ ಕೆಲಸವಿದೆ. ಪತ್ರಿಕೆ ಎಲ್ಲರಿಗೂ ಹೋಗುತ್ತದೆ. ಜರಡಿ ಹಿಡಿಯುವುದು ವಿಮಾನದ ಟಿಕೆಟ್ಟು.

ಇದನ್ನು ನಾನು ಹೊರಗಿನಿಂದ ನಿಂತು ಹೇಳುತ್ತಿಲ್ಲ. ನನ್ನ ಅಕ್ಕನ ಮಗಳ ಮದುವೆ ಉದಯಪುರದಲ್ಲಿ ಎಂದು ಗೊತ್ತಾಗಿದೆ. ಹುಡುಗಿ ಅಮೆರಿಕದಲ್ಲಿ ಕೆಲಸದಲ್ಲಿದ್ದಾಳೆ. ವರನ ಕಡೆಯವರು ಅಹಮದಾಬಾದಿನವರು. ಅವರಿಗೆ ಉದಯಪುರ ಕಾರಿನಲ್ಲಿ ಐದಾರು ಗಂಟೆಯ ದಾರಿ. ಶಿವಮೊಗ್ಗದ ನಮಗೆ ಅದು ದೇಶದ ಇನ್ನೊಂದು ತುದಿ. ಬರಿಯ ಆಡಂಬರಕ್ಕಾಗಿ ಆರಿಸಿದ ಊರೆಂದು ನಾನು ಹೇಳಲಾರೆ. ಎರಡು ಕುಲಗಳು ಎರಡು ರಾಜ್ಯಗಳಲ್ಲಿರುವಾಗ ಮದುವೆ ಯಾರಿಗಾದರೂ ದೂರವೇ.

ವ್ಯವಸ್ಥೆಯ ಹೊಣೆ ಹೊತ್ತವಳು ನನ್ನ ಹಳೆಯ ವಿದ್ಯಾರ್ಥಿನಿ. ಹದಿನೈದು ವರ್ಷಗಳ ಹಿಂದೆ ನನ್ನಲ್ಲಿ ಪಂಪನನ್ನು ಓದಿದ ಹುಡುಗಿ ಈಗ ಬೆಂಗಳೂರಿನಲ್ಲಿ ಪ್ರವಾಸ ಸಲಹೆಗಾರ್ತಿ. ಮದುವೆಯ ದಂಡುಗಳನ್ನು ಒಯ್ದು ತರುವುದರಲ್ಲಿ ಪಳಗಿದವಳು. ಅವಳಿಂದಲೇ ಈ ಕಸುಬಿನ ಒಳಗು ನನಗೆ ತಿಳಿದದ್ದು. ಸಾಮಾನ್ಯವಾಗಿ ಹತ್ತು ಕೋಣೆ ದಾಟಿದರೆ ಹೋಟೆಲಿನವರ ಲೆಕ್ಕದಲ್ಲಿ ಅದು ‘ಗುಂಪು’. ಗುಂಪಿಗೆ ದರ ಇಳಿಯುತ್ತದೆ. ಪ್ರತಿಯಾಗಿ ಕರಾರು ಬಿಗಿಯುತ್ತದೆ. ಅದರಲ್ಲಿ ‘ಅಟ್ರಿಷನ್’ ಎಂಬ ಷರತ್ತು ಒಂದುಂಟು. ಸವಕಳಿ ಎಂದು ಅನುವಾದಿಸಬಹುದು. ಅರವತ್ತು ಕೋಣೆ ಹಿಡಿದು, ಶೇಕಡ 20ರಷ್ಟು ಸವಕಳಿಗೆ ಒಪ್ಪಿಗೆಯಿದ್ದರೆ, ನಲವತ್ತೆಂಟಕ್ಕೆ ಹಣ ಕೊಡಲೇಬೇಕು. ನಲವತ್ತೇ ತುಂಬಿದರೆ ಉಳಿದ ಎಂಟು ಖಾಲಿ ಕೋಣೆಗಳ ಬಾಡಿಗೆ, ರಾತ್ರಿಗಿಷ್ಟೆಂದು, ಹೆಣ್ಣಿನ ತಂದೆಯ ತಲೆಗೆ. ಬಾರದ ನೆಂಟನಿಗೂ ದರ ಕಟ್ಟಿದ ಕಾಲ ಇದು! ಗೊತ್ತಾದ ದಿನದೊಳಗೆ ಹೆಸರುಗಳ ಪಟ್ಟಿ ಕೊಡಬೇಕು. ಯಾರ ಕೋಣೆಯಲ್ಲಿ ಯಾರು, ಆಧಾರ್ ಚೀಟಿಯಲ್ಲಿ ಹೆಸರು ಹೇಗಿದೆ, ಎಲ್ಲವೂ ಬೇಕು. ತಿಥಿ ಗೊತ್ತಿಲ್ಲದೆ ಬರುವವನೇ ಅತಿಥಿ ಎಂದು ನಮ್ಮ ಹಿರಿಯರು ಪದ ಬಿಡಿಸಿ ಹೇಳುತ್ತಿದ್ದರು. ಅಂಥವನಿಗೆ ಈ ಪಟ್ಟಿಯಲ್ಲಿ ಸಾಲಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಅಮೆರಿಕದಲ್ಲಿ ಇಂಥ ಮದುವೆಗೆ ಹೋಗುವವನು ಪ್ರಯಾಣದ ಖರ್ಚನ್ನೂ ಕೋಣೆಯ ಬಾಡಿಗೆಯನ್ನೂ ತಾನೇ ಕೊಡುವುದು ವಾಡಿಕೆ. ಕರೆದವರು ರಿಯಾಯಿತಿ ದರ ಗೊತ್ತುಮಾಡಿಕೊಟ್ಟರೆ ಸಾಕು. ಯಾರೂ ಅದನ್ನು ಕೊರತೆಯೆಂದು ತಿಳಿಯರು. ನಮ್ಮಲ್ಲಿ ನೆಂಟನಿಗೆ ಬಿಡಾರ ಕೊಡದವನು ಕರೆಯಲೇ ಇಲ್ಲ ಎಂದು ಲೆಕ್ಕ. ಅಕ್ಕನ ಮಗಳು ಅಲ್ಲಿಯ ರೂಢಿಯನ್ನು ಮನಸ್ಸಿನಲ್ಲಿಟ್ಟುಕೊಂಡು, ಅಕ್ಕ ಇಲ್ಲಿಯದನ್ನು ಇಟ್ಟುಕೊಂಡು, ಒಂದೇ ಪಟ್ಟಿಯನ್ನು ನೋಡುತ್ತಿದ್ದರು. ಕೊನೆಗೆ ಕೋಣೆ ನಮ್ಮದು, ವಿಮಾನ ಅವರವರದು ಎಂದಾಯಿತು. ಇಂದಿನ ಇಂಥ ಮದುವೆಗಳಲ್ಲಿ ಬಹುಮಟ್ಟಿಗೆ ಇದೇ ರಾಜಿ.

ರಾಜಿಯಲ್ಲಿ ತಪ್ಪೇನು ಎಂದು ಕೇಳಬಹುದು. ಆಗದವರು ಬರುವುದು ಬೇಡ. ಯಾರೂ ಕೈಹಿಡಿದು ಎಳೆಯುತ್ತಿಲ್ಲವಲ್ಲ! ನನಗೆ ತೊಡಕು ಕಾಣುವುದು ಇಲ್ಲಿಯೇ. ಆಗುವುದಿಲ್ಲ ಎನ್ನುವ ಸ್ವಾತಂತ್ರ್ಯ ಎಲ್ಲರಿಗೂ ಸಮನಾಗಿಲ್ಲ. ಸಹೋದ್ಯೋಗಿ ಹೇಳಬಹುದು. ನಾನು ವಧುವಿನ ಸೋದರಮಾವ, ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವನು, ನಾನು ಹೇಳುವಂತಿಲ್ಲ. ನನಗೆ ಸಂಬಳವಿದೆ, ನಡೆಯುತ್ತದೆ. ಭಾವನವರ ತಮ್ಮ ಒಬ್ಬರಿದ್ದಾರೆ. ಅಡಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಮನೆಯಲ್ಲಿ ನಾಲ್ಕು ಮಂದಿ. ಪತ್ರಿಕೆ ತಲಪುವ ಮೊದಲೇ ಅವರು ‘ಆ ಹೊತ್ತಿಗೆ ಮಗನ ಪರೀಕ್ಷೆ ಇದೆ’ ಎಂದು ಹೇಳಿಕಳಿಸಿದರು. ಆ ತಿಂಗಳಲ್ಲಿ ಪರೀಕ್ಷೆ ಇಲ್ಲವೆಂಬುದು ಮೇಷ್ಟರಾದ ನನಗೆ ಗೊತ್ತು. ಅವರಿಗೂ ಗೊತ್ತು, ನನಗೆ ಗೊತ್ತೆಂದು. ಅತಿಥಿಯ ಬಾಯಲ್ಲಿ ಸುಳ್ಳು ಹೇಳಿಸುವ ಕರೆ ಎಂಥ ಕರೆ? ಬಡತನವನ್ನು ಒಪ್ಪಿಕೊಳ್ಳಬೇಕು, ಇಲ್ಲವೆ ಸುಳ್ಳಾಡಬೇಕು. ಮಾನವಂತ ಎರಡನೆಯದನ್ನೇ ಆರಿಸುತ್ತಾನೆ.

ಹಳೆಯದನ್ನು ಹೊಗಳುವ ಚಪಲ ನನಗಿಲ್ಲ. ಐದು ದಿನದ ಮದುವೆಗೆ ಗದ್ದೆ ಮಾರಿದವರ ಕಥೆ ನಮ್ಮ ಎಲ್ಲರ ಮನೆಯಲ್ಲೂ ಇದೆ. ಬೀಗರ ದಿಬ್ಬಣದ ಗತ್ತು, ಕಾಫಿ ತಣ್ಣಗಾಯಿತೆಂದು ಎದ್ದ ಜಗಳ, ಒಲೆಯ ಮುಂದಿನಿಂದ ಏಳಲಾಗದೆ ಧಾರೆಯನ್ನೇ ನೋಡದ ಹೆಂಗಸರು, ಯಾವುದೂ ಸುಳ್ಳಲ್ಲ. ಅಂದು ಕರೆದವನು ಮುಳುಗುತ್ತಿದ್ದ. ಇಂದು ಕರೆಸಿಕೊಂಡವನೂ ಒಂದಿಷ್ಟು ಮುಳುಗಲಿ ಎಂದರೆ ಅದರಲ್ಲಿ ಒಂದು ಬಗೆಯ ನ್ಯಾಯವೂ ಕಾಣಬಹುದು. ಆದರೆ ಮುಳುಗಲು ಅಂದು ಒಪ್ಪಿದ್ದವನು ತಾನಾಗಿಯೇ ಒಪ್ಪಿದ್ದ.

ನನ್ನ ವಿದ್ಯಾರ್ಥಿನಿಯನ್ನು ಒಂದು ಮಾತು ಕೇಳಿದೆ. ‘ನಿನಗೆ ಸಂಭಾವನೆ ಹೋಟೆಲಿನಿಂದ, ಬಾಡಿಗೆಯ ಮೇಲೆ ಶೇಕಡಾವಾರು. ಕೋಣೆ ಹೆಚ್ಚಿದಷ್ಟೂ ನಿನಗೆ ಲಾಭ. ಹೀಗಿರುವಾಗ ನಿನ್ನ ಸಲಹೆಯನ್ನು ನಂಬುವುದು ಹೇಗಮ್ಮ?’ ಅವಳು ಬೇಸರಪಡಲಿಲ್ಲ. ‘ಪುರೋಹಿತರಿಗೂ ದಕ್ಷಿಣೆ ಇದೆಯಲ್ಲ ಸರ್. ನನ್ನದು ಎಷ್ಟು ಅಂತ ಮೊದಲ ದಿನವೇ ಅವರಿಗೆ ಹೇಳಿಬಿಡ್ತೀನಿ’ ಎಂದಳು. ಲಾಭವಿರುವುದು ಸಲಹೆಯನ್ನು ಕೆಡಿಸುವುದಿಲ್ಲ, ಅದನ್ನು ಮುಚ್ಚಿಡುವುದು ಕೆಡಿಸುತ್ತದೆ ಎಂದು ನನಗೂ ಅನ್ನಿಸಿತು. ಅವಳು ಕೇಳುವ ಮೊದಲ ಪ್ರಶ್ನೆ ಎಷ್ಟು ಜನ ಎಂಬುದಲ್ಲವಂತೆ. ಯಾರಿಲ್ಲದಿದ್ದರೆ ನಿಮಗೆ ಮದುವೆ ಮದುವೆ ಅನ್ನಿಸುವುದಿಲ್ಲ ಎಂಬುದು.

ಅಕ್ಕನನ್ನೂ ಹಾಗೆಯೇ ಕೇಳಿದಳು. ಅಕ್ಕ ನಮ್ಮ ತಾಯಿಯ ಹೆಸರು ಹೇಳಿದಳು. ನನ್ನದು, ಮೈದುನನದು ಹೇಳಿದಳು. ತುಸು ತಡೆದು, ಮಗಳಿಗೆ ಮೂರು ತಿಂಗಳ ಕಾಲ ಎಣ್ಣೆ ತಿಕ್ಕಿ ನೀರೆರೆದ ನಮ್ಮ ಬೀದಿಯ ಮುದುಕಿಯ ಹೆಸರು ಹೇಳಿದಳು. ಆ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಬೇಡವೆಂದು ಬಿಟ್ಟದ್ದಲ್ಲ, ಪಟ್ಟಿ ಫೋನಿನಲ್ಲಿದ್ದ ವಿಳಾಸಗಳಿಂದ ತಯಾರಾದದ್ದು. ಪರಿವಾರ ಎಂಬ ಪದದ ಅರ್ಥ ಸುತ್ತಲಿರುವವರು ಎಂದು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ.

ಹೋಟೆಲಿನ ಕರಾರಿಗೆ ಇನ್ನೂ ಸಹಿ ಬಿದ್ದಿರಲಿಲ್ಲ. ಮೂರು ರಾತ್ರಿಯ ಬದಲು ಎರಡು, ನಲವತ್ತೈದು ಕೋಣೆಯ ಬದಲು ಮೂವತ್ತಾರು ಎಂದು ಲೆಕ್ಕ ಬದಲಾಯಿಸಿದವಳು ನನ್ನ ವಿದ್ಯಾರ್ಥಿನಿಯೇ. ಅವಳ ಪಾಲೂ ಅಷ್ಟು ಇಳಿಯಿತು. ಉಳಿದ ಹಣದಲ್ಲಿ, ಬರಲೇಬೇಕಾದ ಕೆಲವರ ಪ್ರಯಾಣದ ವೆಚ್ಚ ಹೊರಬಹುದು. ಆದರೆ ಹೇಳುವುದು ಹೇಗೆ? ಬರಿಯ ಮೈದುನನಿಗೆ ಹೇಳಿದರೆ ಅವರ ಪರೀಕ್ಷೆಯ ಮಾತನ್ನು ಬಯಲು ಮಾಡಿದಂತೆ. ಎಲ್ಲರಿಗೂ ಹೇಳುವಷ್ಟು ಹಣವಿಲ್ಲ. ‘ನೀನು ಕನ್ನಡ ಮೇಷ್ಟ್ರು ಕಣೋ, ಯಾರಿಗೂ ನೋವಾಗದ ಹಾಗೆ ಒಂದು ಸಾಲು ಬರೆದುಕೊಡು’ ಎಂದಿದ್ದಾಳೆ ಅಕ್ಕ. ಪತ್ರಿಕೆ ಅಚ್ಚಿಗೆ ಹೋಗಲು ಇನ್ನು ಹನ್ನೆರಡು ದಿನಗಳಿವೆ. ಮನೆಯ ಹಳೆಯ ಲಗ್ನಪತ್ರಿಕೆಗಳ ಕಟ್ಟನ್ನು ಬಿಚ್ಚಿ ನೋಡಿದೆ. ಅದಕ್ಕೆ ಬೇಕಾದ ವಾಕ್ಯ ಯಾವುದರಲ್ಲೂ ಸಿಕ್ಕಲಿಲ್ಲ. ನಾಲ್ಕು ಬಗೆಯಾಗಿ ಬರೆದು ನಾಲ್ಕನ್ನೂ ಹೊಡೆದುಹಾಕಿದ್ದೇನೆ.