ಅಸಲನ್ನು ಉಳಿಸುವ ಧರ್ಮ

ರಸ್ತೆ, ವಿದ್ಯುತ್ತು, ಕಾರ್ಖಾನೆಗಳು ಹೆಚ್ಚಿದರೆ ಅದೇ ಅಭಿವೃದ್ಧಿಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಈ ವೃದ್ಧಿಗಾಗಿ ಭೂಮಿಯ ಬಡ್ಡಿಯನ್ನು ಮಾತ್ರ ಉಂಡೆವೋ, ಅಸಲಿಗೇ ಕೈಯಿಟ್ಟೆವೋ ಎಂಬುದನ್ನು ವಿಚಾರಿಸುವವರು ವಿರಳ. 1987ರಲ್ಲಿ ನಾರ್ವೆಯ ಪ್ರಧಾನಿ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಅಧ್ಯಕ್ಷತೆಯ ವಿಶ್ವಸಂಸ್ಥೆಯ ಆಯೋಗವು ಸುಸ್ಥಿರ ಅಭಿವೃದ್ಧಿಯ ಲಕ್ಷಣವನ್ನು ನಿರೂಪಿಸಿತು. ಇಂದಿನವರ ಅಗತ್ಯಗಳು ಪೂರೈಸಬೇಕು. ಮುಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಕುಂದು ಬರಬಾರದು ಎಂಬುದೇ ಅದರ ಸಾರ.

ಈ ಮಾತಿನ ಅರ್ಥವನ್ನು ತಿಳಿಯಲು ಕೋಲಾರ ಸೀಮೆಯನ್ನು ನೋಡಬಹುದು. ಅಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದಕಾರಣ ಹಿಂದಿನವರು ಮಳೆಯ ನೀರನ್ನು ಕೆರೆಗಳಲ್ಲಿ ತಡೆದು ನಿಲ್ಲಿಸಿದರು. ಮೇಲಿನ ಕೆರೆ ಕೋಡಿಬಿದ್ದರೆ ನೀರು ಕೆಳಗಿನ ಕೆರೆಗೆ ಹರಿಯುತ್ತಿತ್ತು. ತೂಬನ್ನು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಹಂಚಲು ನೀರುಗಂಟಿಯಿದ್ದನು. ಎತ್ತಿದ ಹೂಳು ಹೊಲಕ್ಕೆ ಸಾರವಾಗುತ್ತಿತ್ತು. ಆ ವ್ಯವಸ್ಥೆಯಲ್ಲಿ ಎಲ್ಲರಿಗೂ ಸಮಪಾಲು ದೊರೆಯುತ್ತಿತ್ತೆಂದು ಹೇಳಲಾಗದು. ಆದರೂ ನೀರೆಷ್ಟಿದೆ ಎಂಬುದು ಊರಿಗೆಲ್ಲ ಕಾಣುತ್ತಿತ್ತು. ಆ ಮಿತಿಯೊಳಗೇ ಬೆಳೆಯನ್ನು ನಿಶ್ಚಯಿಸಬೇಕಾಗಿತ್ತು.

ಕೊಳವೆಬಾವಿಗಳು ಬಂದ ಮೇಲೆ ಆ ಮಿತಿ ಕಣ್ಮರೆಯಾಯಿತು. ಬಂಡೆಯ ಬಿರುಕುಗಳಲ್ಲಿ ಬಹುಕಾಲದಿಂದ ನಿಂತಿದ್ದ ನೀರನ್ನು ಮಳೆ ತುಂಬಿಕೊಡುವುದಕ್ಕಿಂತ ವೇಗವಾಗಿ ಎತ್ತಲಾಯಿತು. ಸಾವಿರ ಅಡಿಗೂ ಆಳಕ್ಕೆ ಕೊರೆಯುವ ಸ್ಥಿತಿಯೊದಗಿತು. ಅನೇಕ ಗ್ರಾಮಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿತು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಅಲ್ಲಿಯ ಕೆರೆಗಳಿಗೆ ಹರಿಸುವ ಕಾರ್ಯ ಆರಂಭವಾಯಿತು.

ಇದರಲ್ಲಿ ದೋಷ ಯಾರದು? ಸಾಲಮಾಡಿ ಬಾವಿ ಕೊರೆಸಿದ ರೈತನು ತನ್ನ ಮಕ್ಕಳ ಹೊಟ್ಟೆಗಾಗಿಯೇ ಹಾಗೆ ಮಾಡಿದನು. ಒಬ್ಬೊಬ್ಬನಿಗೆ ನ್ಯಾಯವಾಗಿ ತೋರಿದ ಕಾರ್ಯವು ಎಲ್ಲರೂ ಮಾಡಿದಾಗ ಎಲ್ಲರಿಗೂ ಹಾನಿಯಾಯಿತು. ಆ ನೀರಿನಿಂದ ಬೆಳೆದ ಟೊಮೇಟೊವನ್ನು ಅಗ್ಗವಾಗಿ ಕೊಂಡು ಉಣ್ಣುವ ನಗರವಾಸಿಗಳಾದ ನಾವೂ ಇದರಲ್ಲಿ ಭಾಗಿಗಳು. ಹೆಚ್ಚು ಅನುಭವಿಸಿದವರ ಮೇಲೆ ಹೆಚ್ಚಿನ ಹೊಣೆಯಿರುವುದು ಯುಕ್ತವಷ್ಟೆ. ರೈತನಿಗೆ ಕಡಿಮೆ ನೀರಿನ ಬೆಳೆಯನ್ನು ಬೋಧಿಸುವ ಮುನ್ನ ಅದಕ್ಕೆ ತಕ್ಕ ಬೆಲೆಯನ್ನು ಕೊಡಲು ನಾವು ಸಿದ್ಧರಿರಬೇಕು.

ಇನ್ನೂ ಹುಟ್ಟದವರು ಸಭೆಗೆ ಬಂದು ತಮ್ಮ ಪಾಲನ್ನು ಕೇಳಲಾರರು. ಅವರ ಪರವಾಗಿ ಮಾತನಾಡಬೇಕಾದವರು ನಾವೇ. ಪಿತೃಗಳ ಋಣವು ಸಂತತಿಯ ಮೂಲಕ ತೀರುವುದೆಂದು ನಂಬಿದವರು ಆ ಸಂತತಿಗೆ ಬರಿದಾದ ಬಾವಿಯನ್ನು ಬಿಟ್ಟುಹೋಗುವುದು ಉಚಿತವೇ? ಮನೆಯ ಮಾಳಿಗೆಯ ಮಳೆನೀರನ್ನು ಹಿಡಿದಿಡುವುದು, ಊರಿನ ಕೆರೆಯ ಒತ್ತುವರಿಯನ್ನು ತಡೆಯುವುದು, ಉತ್ಸವದ ಸಂತರ್ಪಣೆಯಲ್ಲಿ ಎಲೆಯ ಮೇಲೆ ಅನ್ನವನ್ನು ಬಿಡದಿರುವುದು ನಮ್ಮಿಂದಾಗುವ ಕಾರ್ಯಗಳೇ. ಬಿಟ್ಟ ಪ್ರತಿ ತುತ್ತಿನೊಡನೆ ಅದನ್ನು ಬೆಳೆದ ನೀರೂ ವ್ಯರ್ಥವಾಗುವುದೆಂಬುದನ್ನು ಸ್ಮರಿಸೋಣ.