ನೀರಿನ ಬಿಸಿಗೆ ಯಾರು ಹೊಣೆ?

ಫಿಲ್ಮ್ ಡೆವಲಪ್ ಮಾಡುವ ನೀರಿನ ಬಿಸಿಯನ್ನು ಹದದಲ್ಲಿಡುವ ಯಂತ್ರ ಕೊಳ್ಳಬೇಕೇ, ಬೇಡವೇ? ಮೇಲ್ನೋಟಕ್ಕೆ ಇದು ದುಡ್ಡಿನ ಪ್ರಶ್ನೆ. ನನಗೆ ಮಾತ್ರ ಇದು ನೈತಿಕ ಪ್ರಶ್ನೆಯಾಗಿ ಕಾಡುತ್ತಿದೆ. ಊರಿನ ಸ್ಟುಡಿಯೋಗಳು ಫಿಲ್ಮ್ ತೊಳೆಯುವುದನ್ನು ಬಿಟ್ಟಿವೆ. ಬಾಡಿಗೆ ಮನೆಯ ಬಚ್ಚಲೇ ನನ್ನ ಕತ್ತಲಕೋಣೆ. ಸಂಶೋಧನೆಗೆಂದು ತಿರುಗಾಡುವಾಗ ತೆಗೆದ ರೋಲುಗಳಲ್ಲಿ ಇರುವುದು ಬೇರೆಯವರ ಮುಖಗಳು.

ಕಪ್ಪು-ಬಿಳುಪು ಫಿಲ್ಮಿನದು ಉದಾರ ಸ್ವಭಾವ. ಡೆವಲಪರ್ 20 ಡಿಗ್ರಿ ಇರಲಿ ಎನ್ನುತ್ತವೆ ಪಟ್ಟಿಗಳು. ಏಪ್ರಿಲ್‌ನಲ್ಲಿ ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಆ ಅಂಕಿಯ ಪರಿಚಯವೇ ಇಲ್ಲ. ಅಗ್ಗದ ಯಂತ್ರಗಳು ನೀರನ್ನು ಕಾಯಿಸುತ್ತವೆ, ತಣಿಸುವುದಿಲ್ಲ. ತಣಿಸುವಂಥವು ಫೆಲೋಶಿಪ್ಪಿಗೆ ಎಟುಕುವುದಿಲ್ಲ. ಐಸ್ ಹಾಕಿದ ಬಕೆಟ್ಟಿನಲ್ಲಿ ಬಾಟಲಿಯಿಟ್ಟು 24 ಡಿಗ್ರಿಗೆ ತಂದು, ಸಮಯ ಕಡಿಮೆ ಮಾಡುತ್ತೇನೆ. ಇಲ್‌ಫರ್ಡ್ ಎಚ್‌ಪಿ5 ಫಿಲ್ಮಿಗೆ ಐಡಿ-11ರಲ್ಲಿ 20 ಡಿಗ್ರಿಗೆ ಏಳೂವರೆ ನಿಮಿಷ ಬೇಕಾದದ್ದು ಆಗ ಐದರ ಆಸುಪಾಸಿಗೆ ಇಳಿಯುತ್ತದೆ. ಥರ್ಮಾಮೀಟರ್ ಅರ್ಧ ಡಿಗ್ರಿ ಸುಳ್ಳು ಹೇಳಿದರೂ, ಪ್ರತಿಸಲ ಅದೇ ಸುಳ್ಳನ್ನು ಹೇಳಿದರೆ ನಡೆಯುತ್ತದೆ. (ಮನುಷ್ಯರ ವಿಷಯದಲ್ಲಿ ಈ ಮಾತು ಆಡುವ ಧೈರ್ಯ ನನಗಿಲ್ಲ.)

ಬಣ್ಣದ ಫಿಲ್ಮ್ ಹಾಗಲ್ಲ. ಸಿ-41 ವಿಧಾನದ ಡೆವಲಪರಿಗೆ 37.8 ಡಿಗ್ರಿ, ಮೂರೂಕಾಲು ನಿಮಿಷ. ಕೊಡಾಕ್ ಕೊಡುವ ರಿಯಾಯಿತಿ ಅತ್ತಿತ್ತ 0.15 ಡಿಗ್ರಿ ಮಾತ್ರ. ಬಿಸಿ ತಪ್ಪಿದರೆ ಮೂರು ಬಣ್ಣದ ಪದರಗಳು ಒಂದೊಂದು ಒಂದೊಂದು ಲೆಕ್ಕದಲ್ಲಿ ಬೆಳೆಯುತ್ತವೆ. ಆ ಓರೆಯನ್ನು ಆಮೇಲೆ ಪೂರ್ತಿ ತಿದ್ದಲಾಗದು.

ಯಂತ್ರವನ್ನು ಹೀಗಳೆಯುವ ಗೆಳೆಯರಿದ್ದಾರೆ. ಹದ ಕೈಗೆ ಗೊತ್ತಾಗಬೇಕು, ಇಲ್ಲದಿದ್ದರೆ ಫಿಲ್ಮ್ ಯಾಕೆ, ಮೊಬೈಲ್ ಸಾಕಲ್ಲ ಎನ್ನುತ್ತಾರೆ. ನನ್ನ ಬೀದಿಯ ಚಿತ್ರಗಳಾದರೆ ನಾನೂ ಒಪ್ಪುತ್ತೇನೆ. ಆದರೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಟ್ರಂಕಿನಿಂದ ಮದುವೆಯ ಸೀರೆ ತೆಗೆದು ಉಟ್ಟು, "ಬಣ್ಣ ಬರ್ತದಲ್ಲಪ್ಪಾ?" ಎಂದು ಕೇಳಿ ಕೂತ ರೋಲ್? ಫಿಲ್ಮಿನಲ್ಲಿ ಅಡಗಿದ ಚಿತ್ರವನ್ನು ಒಂದೇ ಸಲ ಮೂಡಿಸಬಹುದು. ಅದರ ಮೇಲೆ ನನ್ನ ಕೈಹದ ಪರೀಕ್ಷಿಸಿಕೊಳ್ಳುವ ಹಕ್ಕನ್ನು ನನಗೆ ಯಾರೂ ಕೊಟ್ಟಿಲ್ಲ. ನಷ್ಟ ನನ್ನದಾದಾಗ ಸಾಹಸ ಎನಿಸಿಕೊಳ್ಳುವುದು, ಅವರದಾದಾಗ ಉಡಾಫೆಯಾಗುತ್ತದೆ.

ಹಾಗೆಂದು ಹೊಣೆಯನ್ನು ಯಂತ್ರಕ್ಕೆ ದಾಟಿಸಿ ಕೂರುವಂತಿಲ್ಲ. ಅಡುಗೆಗೆಂದು ತಯಾರಾದ ಸೂ ವೀಡ್ ಕಡ್ಡಿಯನ್ನು ಬಕೆಟ್ಟಿಗೆ ಇಳಿಬಿಟ್ಟರೆ ಪರದೆಯ ಮೇಲೆ 37.8 ಬೇಗ ಬರುತ್ತದೆ. ಅದು ಬಕೆಟ್ಟಿನ ನೀರಿನ ಬಿಸಿ. ಬಾಟಲಿಯೊಳಗಿನ ಡೆವಲಪರ್ ಆಗಿನ್ನೂ ಹಿಂದೆ ಉಳಿದಿರುತ್ತದೆ. ಮುಚ್ಚಳ ತೆಗೆದು ಥರ್ಮಾಮೀಟರ್ ಅದ್ದಿ ನೋಡುವ ಕೆಲಸ ನನ್ನದೇ.

ಕಡ್ಡಿಗೆ ಆರ್ಡರ್ ಹಾಕಿದ್ದೇನೆ. ಅದು ಬಂದ ಮೇಲೆ ಮೊದಲೆರಡು ರೋಲ್ ನನ್ನ ಬೀದಿಯವು. ಅಜ್ಜಿಯ ರೋಲ್ ಅಲ್ಲಿಯವರೆಗೆ ಫ್ರಿಜ್ಜಿನಲ್ಲಿರುತ್ತದೆ.